ಅಂತೋನಿಯೊ ಮೊಸ್ಕೇನಿ: ಬೆರ್ಗಾಮೊದಿಂದ ಮಂಗಳೂರಿಗೆ

ಬಂಗಾರಪೇಟೆಯು ಹಿಂದೆ ಬೌರಿಂಗ್‌ಪೇಟೆಯೆಂದು ಕರೆಯಲ್ಪಡುತ್ತಿದ್ದಿತೆಂಬುದೂ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗರ ಹೆಸರಿನಿಂದ ಆ ಊರಿಗೆ ಆ ನಾಮಧೇಯ ಬಂದಿತೆಂಬುದೂ ಕೋಲಾರ ಜಿಲ್ಲೆಯ ಜನರಿಗೆ ಹೊಸ ವಿಷಯಗಳಲ್ಲ. 1880ರಿಂದ ಈಚೆಗೆ ಜಾನ್ ಟೇಲರ್ ಕಂಪನಿಯವರು ಚಿನ್ನದ ಗಣಿಗಳನ್ನು ವಹಿಸಿಕೊಂಡ ಮೇಲೆ, 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪದವರೆಗೆ ರೈಲುಹಾದಿ ಸಿದ್ಧವಾಯಿತು. ಆ ಹಾದಿಯಲ್ಲಿ ಬಂದವರು ಇಂಗ್ಲಿಷರು ಮಾತ್ರವಲ್ಲ. ನೆಲದಾಳದಲ್ಲಿ ಬಂಡೆಯನ್ನು ಸೀಳುವ ಕೆಲಸದಲ್ಲಿ ನುರಿತ ಇಟಲಿಯ ಗಣಿಗಾರರೂ ಬಂದರು. 2001ನೆಯ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಆ ಇಟಾಲಿಯನರ ದುಡಿಮೆಯ ಗುರುತು ಈಗ ನೀರು ತುಂಬಿದ ಸುರಂಗಗಳಲ್ಲಿ ಹೂತುಹೋಗಿದೆ.

ಅದೇ ಕಾಲದಲ್ಲಿ ಕನ್ನಡನಾಡಿನ ಇನ್ನೊಂದು ಅಂಚಿನಲ್ಲಿ ಇಟಲಿಯ ಮತ್ತೊಬ್ಬನು ನೆಲದಡಿಯಲ್ಲಲ್ಲ, ಸಾರುವೆಯ ಮೇಲೆ ನಿಂತು ದುಡಿದನು. ಅವನ ಕೆಲಸ ಇಂದಿಗೂ ಕಣ್ಣಿಗೆ ಕಾಣುವಂತೆ ಉಳಿದಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ಚಿತ್ರಿಸಿದ ಅಂತೋನಿಯೊ ಮೊಸ್ಕೇನಿಯೇ ಆತನು. ಮಂದಿರವನ್ನು ನೋಡಿ ಬಂದವರು ಅನೇಕರು. ಚಿತ್ರಕಾರನ ಹೆಸರನ್ನು ನೆನಪಿಟ್ಟುಕೊಂಡವರು ವಿರಳ. ಕರ್ಣಾಟಕದ ಕಲೆಯ ಇತಿಹಾಸವನ್ನು ಹೇಳುವಾಗ ಈತನನ್ನು ಪರದೇಶಿಯೆಂದು ಬದಿಗಿರಿಸುವುದು ವಾಡಿಕೆ. ಇಟಲಿಯ ಕಲೆಯ ಇತಿಹಾಸದಲ್ಲಿ ಈತನಿಗಿರುವ ಸ್ಥಳವಾದರೋ ತೀರ ಚಿಕ್ಕದು, ಏಕೆಂದರೆ ಅವನ ಮುಖ್ಯಕೃತಿ ಅಲ್ಲಿಲ್ಲ. ಎರಡು ಮನೆಯ ನೆಂಟನು ಉಪವಾಸವಿದ್ದನೆಂಬಂತೆ ಆಗಿದೆ ಇವನ ಸ್ಥಿತಿ.

ಇಟಲಿಗೂ ಕನ್ನಡನಾಡಿಗೂ ಇದ್ದ ನಂಟು ಹಳೆಯದು. ಹದಿನೈದನೆಯ ಶತಮಾನದ ಆದಿಭಾಗದಲ್ಲಿ ನಿಕೊಲೊ ಕೊಂತಿ ವಿಜಯನಗರವನ್ನು ಕಂಡನು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲೆಯು ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ವರ್ಣಿಸಿದನು. ಅದೇ ಶತಮಾನದ ಮಧ್ಯದಲ್ಲಿ ಲಿಯೊನಾರ್ದೊ ಚಿನ್ನಮಿ ಎಂಬ ಯೇಸುಸಭೆಯ ಪಾದ್ರಿ ಶ್ರೀರಂಗಪಟ್ಟಣದಲ್ಲಿ ನೆಲೆಸಿ ಕನ್ನಡವನ್ನು ಕಲಿತನು. ಇವರೆಲ್ಲ ಬರೆದು ಹೆಸರಾದವರು. ಮೊಸ್ಕೇನಿ ಬರೆದವನಲ್ಲ. ಆತನ ಚರಿತ್ರೆಯನ್ನು ಗೋಡೆಗಳ ಮೇಲೆಯೇ ಓದಬೇಕು.

ಮೊಸ್ಕೇನಿ ಹುಟ್ಟಿದ್ದು 1854ನೆಯ ಜನವರಿ 17ರಂದು, ಲೊಂಬಾರ್ದಿ ಪ್ರಾಂತದ ಬೆರ್ಗಾಮೊ ನಗರಕ್ಕೆ ಸಮೀಪದ ಸ್ತೆತ್ಸಾನೊ ಎಂಬ ಗ್ರಾಮದಲ್ಲಿ. ಚಿಕ್ಕಂದಿನಲ್ಲಿಯೇ ಚಿತ್ರ ಬರೆಯುವುದರಲ್ಲಿ ಅವನಿಗಿದ್ದ ಒಲವನ್ನು ಕಂಡು ತಂದೆತಾಯಿಗಳು ಅವನನ್ನು ಬೆರ್ಗಾಮೊದ ಕರಾರಾ ಅಕಾಡೆಮಿಗೆ ಸೇರಿಸಿದರು. ಜಾಕೊಮೊ ಕರಾರಾ ಎಂಬ ಶ್ರೀಮಂತ ಕಲಾಪ್ರೇಮಿಯು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಥಾಪಿಸಿದ ಈ ವಿದ್ಯಾಸಂಸ್ಥೆಯಲ್ಲಿ ಶಾಲೆಯೂ ಚಿತ್ರಶಾಲೆಯೂ ಒಂದೇ ಆವರಣದಲ್ಲಿದ್ದುವು. ಅಲ್ಲಿ ಮೊಸ್ಕೇನಿಯ ಗುರು ಎನ್ರಿಕೊ ಸ್ಕೂರಿ. ಅನಂತರ ರೋಮಿಗೆ ಹೋಗಿ ವ್ಯಾಟಿಕನ್ನಿನಲ್ಲಿರುವ ಪ್ರಾಚೀನ ಮಹಾಶಿಲ್ಪಿಗಳ ಚಿತ್ರಗಳನ್ನು ಅಭ್ಯಾಸ ಮಾಡಿ, ಮರಳಿ ತನ್ನ ಸೀಮೆಯ ಚರ್ಚುಗಳಲ್ಲಿ ಭಿತ್ತಿಚಿತ್ರಗಳನ್ನು ಬರೆದು ಹೆಸರನ್ನು ಗಳಿಸಿದನು.

ಬೆರ್ಗಾಮೊವಿನ ಶಿಕ್ಷಣವೆಂದಾಗ ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ನಗರದ ಕಲೆಯ ಹೆಗ್ಗಳಿಕೆ ವ್ಯಕ್ತಿಚಿತ್ರ. ಹದಿನಾರನೆಯ ಶತಮಾನದಲ್ಲಿ ಜೊವಾನ್ನಿ ಬಾತ್ತಿಸ್ತಾ ಮೊರೋನಿ ಅಲ್ಲಿನ ಶ್ರೀಮಂತರನ್ನೂ ವಕೀಲರನ್ನೂ ವೃದ್ಧೆಯರನ್ನೂ ಯಾವ ಅಲಂಕಾರವೂ ಇಲ್ಲದೆ ಇದ್ದುದನ್ನು ಇದ್ದಂತೆಯೇ ಬರೆದನು. ಕೈಯಲ್ಲಿ ಕತ್ತರಿ ಹಿಡಿದು ಮೇಜಿನ ಮುಂದೆ ನಿಂತು ನಮ್ಮ ಕಡೆಗೆ ತಲೆಯೆತ್ತಿ ನೋಡುವ ದರ್ಜಿಯ ಚಿತ್ರ, ಈಗ ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿರುವುದು, ಅವನದೇ. ಅರಸರಿಗೆ ಸಲ್ಲುವ ಘನತೆಯನ್ನು ಕಸುಬಿನವನಿಗೆ ಸಲ್ಲಿಸಿದ ಮೊದಲ ಚಿತ್ರಗಳಲ್ಲಿ ಅದೊಂದು. ಅವನ ಮಾರ್ಗವನ್ನು ಮುಂದುವರಿಸಿದವನು ಫ್ರಾ ಗಲ್ಗಾರಿಯೊ ಎಂದು ಪ್ರಸಿದ್ಧನಾದ ವಿತ್ತೋರೆ ಗಿಸ್ಲಾಂದಿ (1655–1743). ಈತನು ಮಠದಲ್ಲಿ ಸಹೋದರನಾಗಿದ್ದುಕೊಂಡೇ ಊರಿನ ಗಣ್ಯರ ಮುಖಗಳನ್ನು ಬರೆದನು. ಇವರ ಕೃತಿಗಳು ತೂಗುಹಾಕಿದ್ದ ಸಂಸ್ಥೆಯಲ್ಲಿ ಮೊಸ್ಕೇನಿ ಕಲಿತನು. ಮಂಗಳೂರಿನ ಚಿತ್ರಗಳನ್ನು ನೋಡುವಾಗ ಈ ಸಂಗತಿಯನ್ನು ಮರೆಯಲಾಗದು. ಆತನು ಬರೆದ ಪ್ರೇಷಿತರೂ ಸಂತರೂ ಕಲ್ಪನೆಯ ದೇವಪುರುಷರಂತಿಲ್ಲ. ಕೆನ್ನೆ ಬತ್ತಿದ, ಹಣೆ ಸುಕ್ಕುಗಟ್ಟಿದ, ಎದುರಿಗೆ ಯಾರೋ ಕುಳಿತಿದ್ದರೆಂದು ತೋರುವ ಮನುಷ್ಯರಂತಿದ್ದಾರೆ.

1889ರಲ್ಲಿ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ, ಮೊಸ್ಕೇನಿ ಯೇಸುಸಭೆಯನ್ನು ಸೇರಿದನು. ಗುರುದೀಕ್ಷೆಯನ್ನು ಪಡೆಯದೆ ಸಹೋದರನಾಗಿಯೇ ಉಳಿದನು. ಸಭೆಯಲ್ಲಿ ಸಹೋದರರೆಂದರೆ ಅಡುಗೆ, ಮರಗೆಲಸ, ತೋಟ, ಹೊಲಿಗೆ ಮೊದಲಾದ ಕೈಕೆಲಸಗಳನ್ನು ನಿರ್ವಹಿಸುವವರು. ಚಿತ್ರವೂ ಅಲ್ಲಿ ಒಂದು ಕೈಕೆಲಸವೇ. ಹೊರಗಿನ ಜಗತ್ತಿನಲ್ಲಿ ಸಂಭಾವನೆ ಪಡೆದು ದುಡಿಯುತ್ತಿದ್ದ ಚಿತ್ರಕಾರನು ಇಲ್ಲಿ ವಿಧೇಯತೆಯ ವ್ರತವನ್ನು ಕೈಕೊಂಡು, ಕಳುಹಿಸಿದಲ್ಲಿಗೆ ಹೋಗಿ ಹೇಳಿದ ಗೋಡೆಯನ್ನು ಬರೆಯಬೇಕಾಯಿತು. ಹಾಗೆ ಕಳುಹಿಸಲ್ಪಟ್ಟ ಸ್ಥಳಗಳಲ್ಲಿ ಒಂದು ಮಂಗಳೂರು.

ಮಂಗಳೂರಿನ ಕ್ರೈಸ್ತಸಮಾಜದ ಹೊಣೆಯನ್ನು ಇಟಲಿಯ ವೆನಿಸ್ ಪ್ರಾಂತಕ್ಕೆ ಸೇರಿದ ಯೇಸುಸಭೆಯವರು ವಹಿಸಿಕೊಂಡದ್ದು 1878ರ ಕೊನೆಯಲ್ಲಿ. 1880ರಲ್ಲಿ ಕಾಲೇಜು ಆರಂಭವಾಯಿತು. ಊರಿನ ಎತ್ತರದ ಗುಡ್ಡದ ಮೇಲೆ ಅದರ ಕಟ್ಟಡವೂ, ಮಗ್ಗುಲಲ್ಲಿ ಪ್ರಾರ್ಥನಾಮಂದಿರವೂ 1885ರ ವೇಳೆಗೆ ಎದ್ದು ನಿಂತುವು. ಹೊರಗಿನಿಂದ ನೋಡಿದರೆ ಮಂದಿರವು ಸಾಧಾರಣವಾದ ಕಟ್ಟಡ. ಹದಿನಾಲ್ಕು ವರ್ಷಗಳ ಕಾಲ ಒಳಗೂ ಹಾಗೆಯೇ ಇದ್ದಿತು. ಮೊಸ್ಕೇನಿ ಮಂಗಳೂರನ್ನು ಮುಟ್ಟಿದ್ದು 1898ರ ಸುಮಾರಿಗೆ. ರೈಲು ಆ ಊರಿಗೆ ಬಂದದ್ದು 1907ರಲ್ಲಿ. ಆದುದರಿಂದ ಅವನ ಕಾಲದಲ್ಲಿ ಮಂಗಳೂರಿಗೆ ಸಮುದ್ರವೇ ಹೆದ್ದಾರಿ. 1899ರಲ್ಲಿ ಕೆಲಸವನ್ನು ಹಿಡಿದು 1901ರಲ್ಲಿ ಮುಗಿಸಿದನು. ಅಷ್ಟು ವಿಸ್ತಾರವಾದ ಗೋಡೆ ಚಾವಣಿಗಳನ್ನು ಒಬ್ಬ ಮುಖ್ಯ ಚಿತ್ರಕಾರನ ಯೋಜನೆಯಲ್ಲಿ ಎರಡು ವರ್ಷ ಚಿಲ್ಲರೆಯಲ್ಲಿ ತುಂಬಿದ್ದು ಅಲ್ಪಶ್ರಮವಲ್ಲ.

ಚಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸನ ಜೀವನದ ಘಟನೆಗಳಿವೆ. ಈ ಅಲೋಶಿಯಸ್ ಗೊನ್ಸಾಗ (1568–1591) ಕಸ್ತಿಲ್ಯೋನೆಯ ಸಂಸ್ಥಾನಾಧಿಪತಿಯ ಹಿರಿಯ ಮಗ. ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನ ಆಸ್ಥಾನದಲ್ಲಿ ಬೆಳೆದವನು. 1585ರಲ್ಲಿ ಪಿತ್ರಾರ್ಜಿತವಾದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿ, ರೋಮಿನಲ್ಲಿ ಸಾಂಕ್ರಾಮಿಕ ಪೀಡಿತರ ಶುಶ್ರೂಷೆ ಮಾಡುತ್ತ ಅದೇ ರೋಗಕ್ಕೆ ತುತ್ತಾಗಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಕಸ್ತಿಲ್ಯೋನೆಯೂ ಲೊಂಬಾರ್ದಿಗೇ ಸೇರಿದ ಊರು. ಆದುದರಿಂದ ಮೊಸ್ಕೇನಿ ಮಂಗಳೂರಿನಲ್ಲಿ ಬರೆದದ್ದು ತನ್ನ ನೆರೆಯವನ ಕಥೆಯನ್ನೇ. ಆತನು ಇದನ್ನು ಬರೆಯುತ್ತಿದ್ದ ಆ ವರ್ಷಗಳಲ್ಲಿಯೇ ಮೈಸೂರು ಬೆಂಗಳೂರುಗಳಲ್ಲಿ ಪ್ಲೇಗಿನ ಹಾವಳಿ ನಡೆದಿದ್ದಿತು. ರೋಗಿಯನ್ನು ಆತುಕೊಂಡು ನಿಂತ ತರುಣನ ಚಿತ್ರವು ಆಗಿನ ವಿದ್ಯಾರ್ಥಿಗಳ ಪಾಲಿಗೆ ದೂರದ ದೇಶದ ಪುರಾಣವಾಗಿ ಉಳಿದಿರಲಾರದು.

ಕೆಳಗಿನ ಸಾಲುಗಳಲ್ಲಿ ಪ್ರೇಷಿತರೂ, ಇಳಿಜಾರಾದ ಭಾಗದಲ್ಲಿ ಹೂಮಾಲೆ ಹಿಡಿದ ದೇವದೂತರೂ, ಕಮಾನುಗಳಲ್ಲಿ ಸಂತರೂ ಇದ್ದಾರೆ. ಕ್ರಿಸ್ತನ ಜನನ, ಸ್ನಾನದೀಕ್ಷೆ, ಕಾನಾ ಊರಿನ ಮದುವೆ, ಶಿಲುಬೆಯ ಮರಣ ಇವು ಬೇರೆ. ಹಿಂಬದಿಯ ಗೋಡೆಯ ಮೇಲೆ ಮಕ್ಕಳ ಗೆಳೆಯನಾದ ಯೇಸುವಿನ ಚಿತ್ರವಿದೆ. ನನ್ನ ಮಟ್ಟಿಗೆ ಇಡೀ ಮಂದಿರದಲ್ಲಿ ಇದೇ ಶ್ರೇಷ್ಠ. ಮಿಕ್ಕ ಕೆಲವು ದೃಶ್ಯಗಳಲ್ಲಿ ಶಾಲೆಯ ಪಾಠದ ಬಿಗುವು ಕಾಣುತ್ತದೆ. ಗುಂಪುಗಳು ನಾಟಕದ ಕೊನೆಯ ಅಂಕದಲ್ಲಿ ನಿಂತಂತೆ ನಿಂತಿವೆ. ಇಲ್ಲಿ ಮಾತ್ರ ಬೆರ್ಗಾಮೊವಿನ ಮುಖಚಿತ್ರಕಾರನು ಎಚ್ಚತ್ತಿದ್ದಾನೆ.

ಈ ಮಂದಿರವನ್ನು ರೋಮಿನ ಸಿಸ್ಟೈನ್ ಮಂದಿರಕ್ಕೆ ಹೋಲಿಸುವುದು ಪ್ರವಾಸಿಗರಲ್ಲಿಯೂ ಮಾರ್ಗದರ್ಶಿಗಳಲ್ಲಿಯೂ ರೂಢಿಯಾಗಿದೆ. ಅಭಿಮಾನದ ಮಾತಾಗಿ ಇದನ್ನು ಒಪ್ಪಬಹುದು. ಇತಿಹಾಸದ ಮಾತಾಗಿ ಒಪ್ಪಲಾಗದು. 1508ರಿಂದ 1512ರವರೆಗೆ ಮೈಕೆಲೆಂಜೆಲೊ ಸಿಸ್ಟೈನ್ ಚಾವಣಿಯನ್ನು ಬರೆದದ್ದು ಹಸಿಗಾರೆಯ ಮೇಲೆ. ಅವನ ಗಮನವೆಲ್ಲ ಶಿಲ್ಪದಂತೆ ಉಬ್ಬಿನಿಂತ ಮಾನವದೇಹದ ಮೇಲೆ. ಮಂಗಳೂರಿನ ಚಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿ ಬರೆದು ಮೇಲೆ ಅಳವಡಿಸಿದವು. ಹಸಿಗಾರೆಯ ಕೆಲಸ ಗೋಡೆಗಳಲ್ಲಿದೆ. ಮೊಸ್ಕೇನಿಯ ನಿಜವಾದ ಪೂರ್ವಿಕನನ್ನು ಹುಡುಕಬೇಕಾದುದು ಬೇರೆಡೆ. ಅವನು ಅಂದ್ರೆಯಾ ಪೊತ್ಸೊ (1642–1709). ರೋಮಿನ ಸಂತ ಇಗ್ನೇಶಿಯಸನ ಚರ್ಚಿನ ಚಾವಣಿಯಲ್ಲಿ, ಇಲ್ಲದ ಕಂಬಗಳನ್ನೂ ಇಲ್ಲದ ಆಕಾಶವನ್ನೂ ಇದ್ದಂತೆ ಬರೆದು ನೋಡುವವರನ್ನು ಬೆರಗುಗೊಳಿಸಿದವನು; ಅದೇ ಚರ್ಚಿನಲ್ಲಿ ಅಲೋಶಿಯಸನ ವೇದಿಕೆಯನ್ನು ಯೋಜಿಸಿದವನೂ ಅವನೇ. ಪೊತ್ಸೊ ಕೂಡ ಯೇಸುಸಭೆಯ ಸಹೋದರ, ಗುರುವಲ್ಲ. ಮಂಗಳೂರಿನ ಮಂದಿರದಲ್ಲಿ ಉಬ್ಬುಗೆತ್ತನೆಯೆಂದು ನಾವು ಭ್ರಮಿಸುವ ಎಷ್ಟೋ ಅಂಚುಪಟ್ಟಿಗಳು ಮುಟ್ಟಿದರೆ ನುಣುಪಾದ ಗೋಡೆ. ಇದು ಪೊತ್ಸೊವಿನ ವಿದ್ಯೆ.

ಇದೇ ಪರಂಪರೆಯ ಮತ್ತೊಬ್ಬನನ್ನು ಹೆಸರಿಸಬೇಕು. ಮಿಲಾನಿನ ಜುಸೆಪ್ಪೆ ಕಸ್ತಿಲ್ಯೋನೆ (1688–1766), ಅವನೂ ಸಹೋದರನೇ, 1715ರಲ್ಲಿ ಚೀನಕ್ಕೆ ಹೋಗಿ ಮೂವರು ಚಕ್ರವರ್ತಿಗಳ ಆಶ್ರಯದಲ್ಲಿ ಚಿತ್ರ ಬರೆದನು. ಚಿಯೆನ್‌ಲುಂಗ್ ಚಕ್ರವರ್ತಿಯ ಭಾವಚಿತ್ರಗಳು ಅವನ ಕೀರ್ತಿಗೆ ಕಾರಣವಾದುವು. ಕಸ್ತಿಲ್ಯೋನೆಗೆ ಅರಮನೆ ದೊರೆತಿತು. ಮೊಸ್ಕೇನಿಗೆ ದೊರೆತದ್ದು ಕಾಲೇಜು. ಅರಮನೆಯ ಚಿತ್ರಕಾರನು ಚೀನೀ ರೇಷ್ಮೆಯನ್ನೂ ಚೀನೀ ಶೈಲಿಯನ್ನೂ ಕಲಿಯಲೇಬೇಕಾಯಿತು. ಕಾಲೇಜಿನ ಚಿತ್ರಕಾರನಿಗೆ ಅಂಥ ಒತ್ತಾಯವಿರಲಿಲ್ಲ. ಆತನ ಶೈಲಿ ಇಟಾಲಿಯನ್ ಆಗಿಯೇ ಉಳಿಯಿತು. ಇದನ್ನು ದೋಷವೆಂದು ಎಣಿಸುವವರುಂಟು. ಆದರೆ ಅದೇ ಕಾಲದ ನಮ್ಮ ರಾಜಾ ರವಿವರ್ಮನು (1848–1906) ಮೈಸೂರಿನ ಅರಸರಿಗಾಗಿ ಪುರಾಣಪ್ರಸಂಗಗಳನ್ನು ಅದೇ ಐರೋಪ್ಯ ಎಣ್ಣೆಬಣ್ಣದಲ್ಲಿ, ಅದೇ ನೆರಳುಬೆಳಕಿನ ರೀತಿಯಲ್ಲಿ ಬರೆಯುತ್ತಿದ್ದನಲ್ಲವೆ? ಒಬ್ಬನು ಆ ರೀತಿಯನ್ನು ಹೊತ್ತು ತಂದವನು, ಇನ್ನೊಬ್ಬನು ಕೈಚಾಚಿ ಪಡೆದವನು. ಇಬ್ಬರನ್ನೂ ಒಂದೇ ಅಧ್ಯಾಯದಲ್ಲಿ ಓದಿದರೆ 1900ರ ಆಚೀಚೆಯ ಕರ್ಣಾಟಕದ ಕಣ್ಣಿಗೆ ಏನು ಒಗ್ಗುತ್ತಿದ್ದಿತೆಂಬುದು ಸ್ಪಷ್ಟವಾಗುತ್ತದೆ.

ಹಸಿಗಾರೆಯ ವಿಧಾನವು ನಮ್ಮವರಿಗೆ ಹೆಚ್ಚು ಪರಿಚಿತವಲ್ಲ. ಅಜಂತೆಯ ಚಿತ್ರಗಳು ಒಣಗಿದ ಲೇಪದ ಮೇಲೆ ಅಂಟು ಕೂಡಿಸಿದ ಬಣ್ಣದಲ್ಲಿ ಬರೆದವು. ಇಟಲಿಯ ವಿಧಾನದಲ್ಲಿ ಸುಣ್ಣ ಮರಳುಗಳ ಗಾರೆಯನ್ನು ಒಂದು ದಿನದಲ್ಲಿ ಬರೆಯಬಹುದಾದಷ್ಟು ಮಾತ್ರವೇ ಹಚ್ಚಿ, ಅದು ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಬಳಿಯಬೇಕು. ಗಾರೆ ಆರುವಾಗ ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಕಲ್ಲಾಗುತ್ತದೆ. ಬಣ್ಣವು ಆ ಕಲ್ಲಿನೊಳಗೇ ಸೆರೆಯಾಗುತ್ತದೆ. ತಪ್ಪಾದರೆ ಒರೆಸಲಾಗದು, ಗಾರೆಯನ್ನೇ ಕೆತ್ತಿ ಹೊಸದಾಗಿ ಹಚ್ಚಬೇಕು. ಸುಣ್ಣದ ಕಾವನ್ನು ತಾಳುವ ಮಣ್ಣಿನ ಬಣ್ಣಗಳಷ್ಟೇ ಇದಕ್ಕೆ ಒದಗುತ್ತವೆ. ವರ್ಷಕ್ಕೆ 3,500 ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ ಮಳೆ ಸುರಿಯುವ, ಸಮುದ್ರದ ಉಪ್ಪುಗಾಳಿ ಬೀಸುವ ಮಂಗಳೂರಿನಲ್ಲಿ ಗಾರೆ ಆರುವ ಲೆಕ್ಕಾಚಾರವು ಬೆರ್ಗಾಮೊವಿನಲ್ಲಿ ಕಲಿತುದಕ್ಕಿಂತ ಬೇರೆಯಾಗಿರಲೇಬೇಕು.

ಮಂಗಳೂರಿನ ಕೆಲಸದಿಂದ ಮೊಸ್ಕೇನಿಯ ಹೆಸರು ಪಶ್ಚಿಮ ಕರಾವಳಿಯಲ್ಲೆಲ್ಲ ಹಬ್ಬಿತು. ಜೆಪ್ಪುವಿನ ಸಂತ ಜೋಸೆಫರ ಸೆಮಿನರಿಯ ಮಂದಿರದಲ್ಲಿಯೂ, ಮುಂಬಯಿಯ ಹೋಲಿ ನೇಮ್ ಚರ್ಚಿನಲ್ಲಿಯೂ ಅವನ ಚಿತ್ರಗಳಿವೆ. ಕೊನೆಗೆ ಕೊಚ್ಚಿಯ ಸಾಂತಾ ಕ್ರುಜ್ ಪ್ರಧಾನ ದೇವಾಲಯದ ಕೆಲಸ ಬಂದಿತು. ಅಲ್ಲಿ ಲಿಯೊನಾರ್ದೊವಿನ ಪ್ರಸಿದ್ಧ ಕೃತಿಯನ್ನು ಅನುಸರಿಸಿದ ಕಡೆಯ ಭೋಜನದ ಚಿತ್ರವೂ, ಕ್ರಿಸ್ತನ ಯಾತನೆಯ ಇತರ ದೃಶ್ಯಗಳೂ ಅವನವು. ಅವನೊಡನೆ ದುಡಿದವನು ಮಂಗಳೂರಿನ ಶಿಷ್ಯ ದ ಗಾಮ. ಇಟಲಿಯಿಂದ ಬಂದ ವಿದ್ಯೆಯು ಏಳೆಂಟು ವರ್ಷಗಳಲ್ಲಿ ಕರಾವಳಿಯವನೊಬ್ಬನ ಕೈಗೆ ದಾಟಿತೆಂಬುದಕ್ಕೆ ಇದು ಸಾಕ್ಷಿ. 1905ನೆಯ ನವೆಂಬರ್ 19ರಂದು ಆ ದೇವಾಲಯದ ಪ್ರತಿಷ್ಠೆ ನಡೆಯಿತು. ನಾಲ್ಕು ದಿನ ಮುಂಚೆ, 15ರಂದು, ಮೊಸ್ಕೇನಿ ಕೊಚ್ಚಿಯಲ್ಲಿ ತೀರಿಕೊಂಡನು. ಆಗ ಅವನಿಗೆ ಐವತ್ತೊಂದು ವರ್ಷ.

ಮಂಗಳೂರಿನ ಚಿತ್ರಗಳಿಗೆ ಅನಂತರದ ತೊಂಬತ್ತು ಮಳೆಗಾಲಗಳು ತಮ್ಮ ಪಾಲನ್ನು ಕೊಟ್ಟುವು. ತೇವವು ಗೋಡೆಗೆ ಒಂದು ಬಗೆಯ ಶತ್ರು, ಕ್ಯಾನ್ವಾಸಿಗೆ ಇನ್ನೊಂದು ಬಗೆಯ ಶತ್ರು. ಗೋಡೆಯಲ್ಲಿ ಉಪ್ಪು ಮೇಲೆದ್ದು ಬಣ್ಣದ ಪದರವನ್ನು ಹುಡಿಮಾಡುತ್ತದೆ. ಕ್ಯಾನ್ವಾಸು ಹಿಗ್ಗಿ ಕುಗ್ಗಿ ಸಡಿಲಗೊಂಡು ಬೂಷ್ಟು ಹಿಡಿಯುತ್ತದೆ. ಎಲ್ಲವನ್ನೂ ಒಟ್ಟಾಗಿ ಹಸಿಗಾರೆಯ ಚಿತ್ರಗಳೆಂದು ಕರೆಯುವ ರೂಢಿಯು ಬರಿಯ ಪರಿಭಾಷೆಯ ತಪ್ಪಲ್ಲ. ಚಿಕಿತ್ಸೆಯೂ ಅದರಿಂದ ತಪ್ಪಬಹುದು. 1990ರ ದಶಕದ ಆದಿಯಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣತಜ್ಞರು ಇವನ್ನು ಶುದ್ಧಿಗೊಳಿಸಿ ಭದ್ರಪಡಿಸಿದರು. ಕಾಲೇಜು 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಮಂದಿರದಲ್ಲಿ ಪ್ರಾರ್ಥನೆ ಈಗಲೂ ನಡೆಯುತ್ತಿದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ಯುವ ಅಧ್ಯಾಪಕರು ಮೊದಲು ಚಾವಣಿಯನ್ನು ತೋರಿಸದೆ, ಬೆನ್ನು ತಿರುಗಿಸಿ ನಿಲ್ಲಿಸಿ, ಹಿಂಬದಿಯ ಗೋಡೆಯ ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಹೇಳುವುದು ಒಳ್ಳೆಯದು.