ಒಂದು ಮೈಲಿ ಮುಂದೆ ನಿಂತವನು

ಎರಡು ವರ್ಷದ ಹಿಂದೆ ನಾನು ಮೊದಲ ಸಲ ಫುಲ್ ಮ್ಯಾರಥಾನ್ ಓಡಿ ಮುಗಿಸಿದೆ. ಅವತ್ತು ಸಂಜೆಯೇ ಮೆಡಲ್ ಕಚ್ಚಿಕೊಂಡ ಫೋಟೋ ಹಾಕಿ ಒಂದು ಉದ್ದನೆಯ ಪೋಸ್ಟ್ ಬರೆದೆ. ಕೋಚ್‌ಗೆ, ರನ್ನಿಂಗ್ ಗ್ರೂಪಿನವರಿಗೆ, ರಜೆ ಕೊಟ್ಟ ಮ್ಯಾನೇಜರ್‌ಗೆ, ಕೊನೆಗೆ ನನ್ನ ಶೂಗೂ ಥ್ಯಾಂಕ್ಸ್ ಹೇಳಿದ್ದೆ. ಆರು ತಿಂಗಳು ಪ್ರತಿ ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಸ್ಕೂಟರಿನಲ್ಲಿ ನೀರು, ಬಾಳೆಹಣ್ಣು ಇಟ್ಟುಕೊಂಡು, ನನಗಿಂತ ಸ್ವಲ್ಪ ಮುಂದೆ ಹೋಗಿ ಕಾಯುತ್ತಿದ್ದ ನನ್ನ ರೂಮ್‌ಮೇಟ್ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ. ಬೇಕಂತ ಬಿಟ್ಟಿದ್ದಲ್ಲ, ನೆನಪೇ ಆಗಲಿಲ್ಲ. ಬೇಕಂತ ಬಿಡೋದಕ್ಕಿಂತ ಅದೇ ಕೆಟ್ಟದ್ದು ಅಂತ ಈಗ ಅನ್ನಿಸುತ್ತೆ.

ಅವನು ಜಗಳ ಆಡಲಿಲ್ಲ. ಪೋಸ್ಟಿಗೆ ಲೈಕ್ ಕೂಡ ಒತ್ತಿದ್ದ. ಆಮೇಲೆ ಭಾನುವಾರ ಬೇಗ ಏಳುವುದನ್ನು ನಿಲ್ಲಿಸಿದ. ಮೂರು ತಿಂಗಳಲ್ಲಿ ಆಫೀಸಿಗೆ ಹತ್ತಿರ ಅಂತ ಬೇರೆ ಮನೆ ನೋಡಿಕೊಂಡ. ಇಬ್ಬರಿಗೂ ಮಾತು ತಾನಾಗಿಯೇ ಕಡಿಮೆಯಾಯಿತು.

ಇದೆಲ್ಲ ಮತ್ತೆ ನೆನಪಾಗಿದ್ದು ಹೋದ ತಿಂಗಳು, ಟೆರ್ರಿ ಫಾಕ್ಸ್ ಬಗ್ಗೆ ಓದುತ್ತಾ ಕೂತಾಗ. ಓಡುವ ಅಭ್ಯಾಸ ಇರುವ ನಿಮಗೆ ಈ ಹೆಸರು ಗೊತ್ತಿರಬಹುದು. ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡು, ಕೃತಕ ಕಾಲಿನಲ್ಲಿ ಕೆನಡಾ ದೇಶವನ್ನು ಓಡಿ ದಾಟಲು ಹೊರಟ ಹುಡುಗ. ಅವನ ಹೆಸರಿನ ಓಟ ನಮ್ಮ ಪಕ್ಕದ ಚೆನ್ನೈನ ಐಐಟಿ ಕ್ಯಾಂಪಸ್ಸಿನಲ್ಲೂ ನಡೆದಿದೆ. ನನಗೂ ಅವನ ಕಥೆ ಒಂದು ಪೋಸ್ಟರಿನಷ್ಟು ಗೊತ್ತಿತ್ತು: ಗುಂಗುರು ಕೂದಲು, ಬಿಗಿದ ಮುಖ, ಖಾಲಿ ಹೆದ್ದಾರಿ. ಆ ಹೆದ್ದಾರಿಯಲ್ಲಿ ಒಂದು ವ್ಯಾನ್ ಇತ್ತು, ಅದನ್ನು ಓಡಿಸುತ್ತಿದ್ದವನು ಅವನ ಸ್ಕೂಲ್ ಗೆಳೆಯ ಡಗ್ ಆಲ್ವರ್ಡ್ ಅನ್ನೋದು ಗೊತ್ತಿರಲಿಲ್ಲ.

ಟೆರ್ರಿ ಹುಟ್ಟಿದ್ದು 1958ರಲ್ಲಿ. ಬೆಳೆದಿದ್ದು ಕೆನಡಾದ ಪಶ್ಚಿಮ ತುದಿಯ ವ್ಯಾಂಕೂವರ್ ಹತ್ತಿರ, ಪೋರ್ಟ್ ಕೊಕ್ವಿಟ್ಲಮ್ ಅನ್ನೋ ಊರಲ್ಲಿ. ಎಂಟನೇ ಕ್ಲಾಸಿನಲ್ಲಿ ಐದಡಿ ಎತ್ತರದ ಹುಡುಗನಿಗೆ ಬ್ಯಾಸ್ಕೆಟ್‌ಬಾಲ್ ಹುಚ್ಚು. 19 ಜನರ ತಂಡದಲ್ಲಿ ಅವನ ಸ್ಥಾನ ಹತ್ತೊಂಬತ್ತನೆಯದು. ಆ ಇಡೀ ಸೀಸನ್ನಿನಲ್ಲಿ ಅವನಿಗೆ ಆಡಲು ಸಿಕ್ಕಿದ್ದು ಒಂದೇ ಒಂದು ನಿಮಿಷ. ಡಗ್ ಆಟದಲ್ಲಿ ಇವನಿಗಿಂತ ಎಷ್ಟೋ ಮುಂದಿದ್ದ. ಇಬ್ಬರೂ ಜೊತೆಗೆ ಪ್ರಾಕ್ಟೀಸ್ ಮಾಡುತ್ತಾ ಬೆಳೆದರು. ಹನ್ನೆರಡನೇ ಕ್ಲಾಸಿನ ಹೊತ್ತಿಗೆ ಶಾಲೆಯ ವರ್ಷದ ಕ್ರೀಡಾಪಟು ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಒಂದು ಪ್ರಶಸ್ತಿ, ಎರಡು ಹೆಸರು. ಮುಂದೆ ಬರುವ ಕಥೆಗೆ ಇದು ನೆನಪಿರಲಿ.

1977ರ ಮಾರ್ಚ್‌ನಲ್ಲಿ ಟೆರ್ರಿಯ ಬಲಗಾಲಿನಲ್ಲಿ ಮೂಳೆ ಕ್ಯಾನ್ಸರ್ ಪತ್ತೆಯಾಯಿತು. ಮಂಡಿಯಿಂದ ಸುಮಾರು 15 ಸೆಂಟಿಮೀಟರ್ ಮೇಲೆ ಕಾಲು ತೆಗೆದರು. ಆಪರೇಷನ್ನಿನ ಹಿಂದಿನ ರಾತ್ರಿ ಅವನ ಹಳೆಯ ಕೋಚ್ ಒಬ್ಬರು ಒಂದು ಪತ್ರಿಕೆ ತಂದುಕೊಟ್ಟಿದ್ದರು. ಕೃತಕ ಕಾಲಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಮುಗಿಸಿದ ಡಿಕ್ ಟ್ರಾಮ್ ಅನ್ನುವವನ ಕಥೆ ಅದರಲ್ಲಿತ್ತು. ತಲೆಯಲ್ಲಿ ಹುಳ ಬಿಟ್ಟಿದ್ದು ಅದೇ. ಆಮೇಲೆ 16 ತಿಂಗಳು ಕೀಮೋಥೆರಪಿ. ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಯವರು ಸಾಯುವುದನ್ನು ನೋಡಿದ. ನೀನು ಬದುಕುವ ಸಾಧ್ಯತೆ ಶೇಕಡಾ 50, ಎರಡೇ ವರ್ಷ ಮುಂಚೆ ಆಗಿದ್ದರೆ ಶೇಕಡಾ 15 ಇರುತ್ತಿತ್ತು ಅಂತ ಡಾಕ್ಟರುಗಳು ಅವನಿಗೆ ಹೇಳಿದ್ದರು. ಆ ವ್ಯತ್ಯಾಸ ತಂದಿದ್ದು ಸಂಶೋಧನೆ, ಸಂಶೋಧನೆಗೆ ಬೇಕಾದ್ದು ದುಡ್ಡು. ಅವನ ಲೆಕ್ಕ ಇಷ್ಟು ನೇರವಾಗಿತ್ತು. ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್ ಸಂಗ್ರಹಿಸಬೇಕು ಅನ್ನೋದು ಮುಂದೆ ಅವನ ಗುರಿಯಾಯಿತು. ಆಗ ಕೆನಡಾದ ಜನಸಂಖ್ಯೆ ಸುಮಾರು 2.4 ಕೋಟಿ.

1980ರ ಏಪ್ರಿಲ್ 12. ಪೂರ್ವ ತುದಿಯ ಸೇಂಟ್ ಜಾನ್ಸ್‌ನಲ್ಲಿ ಟೆರ್ರಿ ತನ್ನ ಕೃತಕ ಕಾಲನ್ನು ಅಟ್ಲಾಂಟಿಕ್ ನೀರಿನಲ್ಲಿ ಅದ್ದಿ ಹೊರಟ. ಎರಡು ಬಾಟಲಿ ಸಮುದ್ರದ ನೀರು ತುಂಬಿಸಿಕೊಂಡ. ಒಂದು ನೆನಪಿಗೆ. ಇನ್ನೊಂದು ಎಂಟು ಸಾವಿರ ಕಿಲೋಮೀಟರ್ ಆಚೆ ಪೆಸಿಫಿಕ್ ಸಾಗರಕ್ಕೆ ಸುರಿಯಲು. ದಿನಕ್ಕೆ ಒಂದು ಮ್ಯಾರಥಾನ್ ಅನ್ನೋದು ಪ್ಲಾನ್. ಅಂದರೆ ಹೆಚ್ಚುಕಮ್ಮಿ ಮೆಜೆಸ್ಟಿಕ್‌ನಿಂದ ರಾಮನಗರದ ಹತ್ತಿರದವರೆಗೆ. ನಾಳೆ ಮತ್ತೆ ಅಷ್ಟೇ ದೂರ. ನಾಡಿದ್ದೂ ಅಷ್ಟೇ.

ಇಂಥ ಓಟ ಹೇಗೆ ನಡೆಯುತ್ತೆ ಅಂತ ಯೋಚಿಸಿದ್ದೀರಾ? ಡಗ್ ವ್ಯಾನನ್ನು ಒಂದು ಮೈಲಿ ಮುಂದೆ ತೆಗೆದುಕೊಂಡು ಹೋಗಿ ರಸ್ತೆ ಪಕ್ಕ ನಿಲ್ಲಿಸುತ್ತಿದ್ದ. ಟೆರ್ರಿ ಬರುವವರೆಗೆ ಕಾಯುತ್ತಿದ್ದ. ನೀರು ಕೊಡುತ್ತಿದ್ದ. ಮತ್ತೆ ಒಂದು ಮೈಲಿ ಮುಂದೆ ಹೋಗುತ್ತಿದ್ದ. ಓಡುವವನಿಗೆ ದೇಶ ಎಂಟು ಸಾವಿರ ಕಿಲೋಮೀಟರ್ ಅಲ್ಲ, ಮುಂದೆ ನಿಂತ ವ್ಯಾನಿನವರೆಗೆ ಮಾತ್ರ. ಮ್ಯಾರಥಾನ್ ಅಂದರೆ 26 ಮೈಲಿ, ಹಾಗಾಗಿ ದಿನಕ್ಕೆ ಇಪ್ಪತ್ತೈದು ಇಪ್ಪತ್ತಾರು ಸಲ ಹೀಗೆ. ಅಡುಗೆ ಡಗ್‌ನದ್ದೇ. ಮುಂದಿನ ಊರಿಗೆ ಫೋನ್ ಮಾಡೋದೂ ಅವನೇ. ಎದುರುಗಾಳಿ, ಮಳೆ, ಹಿಮ, ಎಲ್ಲದರಲ್ಲೂ ಇಬ್ಬರಿಗೂ ಮನೆ ಅಂದರೆ ಆ ಒಂದು ವ್ಯಾನ್.

ಇಷ್ಟಾದರೆ ಚಂದದ ಗೆಳೆತನದ ಕಥೆ ಆಗಿಬಿಡುತ್ತಿತ್ತು. ಆದರೆ ಐದಾರು ವಾರದಲ್ಲಿ, ನೋವಾ ಸ್ಕೋಶಾ ಪ್ರಾಂತ್ಯದ ಹೊತ್ತಿಗೆ, ಇಬ್ಬರೂ ಹತ್ತಿರ ಹತ್ತಿರ ಮಾತು ಬಿಟ್ಟಿದ್ದರು. ಟೆರ್ರಿಯ ಕಾಲಿನ ತುಂಡು ಉಜ್ಜಿ ಗುಳ್ಳೆ ಎದ್ದು ರಕ್ತ ಬರುತ್ತಿತ್ತು. ನೋವಿನಲ್ಲಿ ರೇಗುತ್ತಿದ್ದ. ತಾನು ಅಂದುಕೊಂಡಂತೆಯೇ ಎಲ್ಲ ನಡೆಯಬೇಕು ಅನ್ನುವ ಹಟ ಬೇರೆ. ಡಗ್ ಮೊದಲೇ ಮಿತಭಾಷಿ, ಇನ್ನಷ್ಟು ಒಳಗೆ ಸರಿದ. ಪರಿಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ, ಟೆರ್ರಿಯ ಅಪ್ಪ ಅಮ್ಮ ದೇಶದ ಆ ತುದಿಯಿಂದ ಈ ತುದಿಗೆ ವಿಮಾನ ಹತ್ತಿ ಬಂದು ಇಬ್ಬರನ್ನೂ ಕೂರಿಸಿ ಮಾತಾಡಬೇಕಾಯಿತು. ಮೇ ಕೊನೆಗೆ 17 ವರ್ಷದ ತಮ್ಮ ಡ್ಯಾರೆಲ್, ತನ್ನ ಹೈಸ್ಕೂಲು ಮುಗಿಸುವ ಸಮಾರಂಭವನ್ನೂ ಬಿಟ್ಟು ಬಂದು ಸೇರಿಕೊಂಡ. ಅವನು ನಗಿಸುವ ಹುಡುಗ. ವ್ಯಾನಿನಲ್ಲಿ ಗಾಳಿ ಆಡಲು ಶುರುವಾಗಿದ್ದು ಅವನು ಬಂದಮೇಲೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಕ್ಕೂ ಮುಂಚಿನ ದಿನಗಳು. ಮಾತಿಲ್ಲ, ಕತೆಯಿಲ್ಲ. ಗುಡ್ ಮಾರ್ನಿಂಗ್ ಕೂಡ ಇಲ್ಲ ಅಂತಲೇ ಇಟ್ಟುಕೊಳ್ಳಿ. ಆದರೂ ವ್ಯಾನ್ ಮುಂದಿನ ಮೈಲಿಯಲ್ಲಿ ನಿಂತೇ ಇತ್ತು. ಅಲ್ಲಿ ನೀರಿತ್ತು. ಪ್ರತಿ ಮೈಲಿಗೂ ಡಗ್‌ಗೆ ಒಂದು ಅವಕಾಶ ಇತ್ತು, ಸ್ಟೇರಿಂಗ್ ತಿರುಗಿಸಿ ಮನೆಗೆ ಹೋಗಿಬಿಡಲು. ಅವನೇನು ಸಂಬಳದ ಡ್ರೈವರ್ ಅಲ್ಲವಲ್ಲ.

ನನಗೆ ನನ್ನದೇ ಒಂದು ಭಾನುವಾರ ನೆನಪಾಯಿತು. ಕನಕಪುರ ರಸ್ತೆಯಲ್ಲಿ 28ನೇ ಕಿಲೋಮೀಟರ್. ರೂಮ್‌ಮೇಟ್ ಕೊಟ್ಟ ನೀರು ಬಿಸಿಲಿಗೆ ಬೆಚ್ಚಗಾಗಿತ್ತು. "ಇಷ್ಟೂ ನೋಡ್ಕೊಳಕ್ಕಾಗಲ್ವೇನೋ?" ಅಂತ ರಸ್ತೆಯಲ್ಲೇ ಕಿರುಚಿದ್ದೆ. ಅವನು ಏನೂ ಅನ್ನದೆ ಬಾಟಲಿ ತೆಗೆದುಕೊಂಡು ಹೋದ. ಎರಡು ಕಿಲೋಮೀಟರ್ ಮುಂದೆ ಎಳನೀರು ಹಿಡಿದುಕೊಂಡು ನಿಂತಿದ್ದ.

ಕೆನಡಾಕ್ಕೆ ವಾಪಸ್ ಬರೋಣ. ಕ್ವಿಬೆಕ್ ಪ್ರಾಂತ್ಯದಲ್ಲಿ ಇವರಿಗೆ ಫ್ರೆಂಚ್ ಬರದೆ ಜನರಿಗೆ ವಿಷಯವೇ ತಲುಪಲಿಲ್ಲ, ದುಡ್ಡೂ ಹುಟ್ಟಲಿಲ್ಲ. ಆದರೆ ಆಂಟೇರಿಯೊ ಗಡಿ ದಾಟಿದ್ದೇ ಕಥೆ ಬದಲಾಯಿತು. ಒಟ್ಟಾವದಲ್ಲಿ ಪ್ರಧಾನಿ ಪಿಯರ್ ಟ್ರುಡೊ ಭೇಟಿ. ಟೊರಾಂಟೊದ ಚೌಕದಲ್ಲಿ ಹತ್ತು ಸಾವಿರ ಜನ. ಹಿಂದೆ ಪೊಲೀಸ್ ಬೆಂಗಾವಲು. ಎಲ್ಲ ಕ್ಯಾಮೆರಾಗಳೂ ಸಹಜವಾಗಿಯೇ ಓಡುವವನ ಕಡೆ ತಿರುಗಿದವು. ಇತಿಹಾಸಕ್ಕೆ ಒಂದು ಫ್ರೇಮಿನಲ್ಲಿ ಒಂದು ಮುಖ ಸಾಕು. ವ್ಯಾನ್ ಆ ಫ್ರೇಮಿನ ಆಚೆ ನಿಂತಿತ್ತು.

ಒಂದು ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತೆ. ದಾರಿಯುದ್ದಕ್ಕೂ ಡಾಕ್ಟರುಗಳಿಗೆ ತೋರಿಸಿಕೊಳ್ಳುವುದನ್ನು ಟೆರ್ರಿ ತಪ್ಪಿಸುತ್ತಿದ್ದ. ಹತ್ತಿರದ ಗೆಳೆಯ ಹೀಗೆ ತನ್ನನ್ನು ತಾನೇ ಸವೆಸಿಕೊಳ್ಳುವುದನ್ನು ದಿನಾ ನೋಡುತ್ತಿದ್ದರೆ ನೀವೇನು ಮಾಡುತ್ತಿದ್ದಿರಿ? ಬ್ರೇಕ್ ಹಾಕಿ "ಸಾಕು ಮಗಾ, ಹತ್ತು" ಅನ್ನುತ್ತಿದ್ದಿರಾ? ಡಗ್ ಇನ್ನೊಂದು ಮೈಲಿ ಮುಂದೆ ಹೋಗಿ ನಿಂತ. ಸರಿಯೋ ತಪ್ಪೋ, ನನಗೆ ತೀರ್ಪು ಕೊಡಲು ಬರುತ್ತಿಲ್ಲ. ಬೇರೆಯವರ ಹಟಕ್ಕೆ ನೀರು ಕೊಡುತ್ತಾ ನಿಲ್ಲುವುದು ಓಡುವುದಕ್ಕಿಂತ ಸುಲಭದ ಕೆಲಸ ಅಲ್ಲ ಅಂತ ಮಾತ್ರ ಹೇಳಬಲ್ಲೆ.

ಸೆಪ್ಟೆಂಬರ್ 1, ಥಂಡರ್ ಬೇ ಊರಿನ ಹೊರಗೆ. ಟೆರ್ರಿಗೆ ಜೋರು ಕೆಮ್ಮು, ಎದೆಯಲ್ಲಿ ನೋವು. ಆದರೆ ರಸ್ತೆ ಬದಿ ಜನ ನಿಂತು ಹುರಿದುಂಬಿಸುತ್ತಿದ್ದಾರೆ. ಅವರ ಮುಂದೆ ನಿಲ್ಲಲು ಅವನಿಗೆ ಮನಸ್ಸು ಬರಲಿಲ್ಲ. ಜನ ಮುಗಿಯುವವರೆಗೂ ಓಡಿದ. ಆಮೇಲೆ ವ್ಯಾನ್ ಹತ್ತಿ, ಆಸ್ಪತ್ರೆಗೆ ಕರೆದುಕೊಂಡು ಹೋಗು ಅಂತ ಡಗ್‌ಗೆ ಹೇಳಿದ. ಸಾವಿರಾರು ಜನರ ಮುಂದೆ ಮುಚ್ಚಿಟ್ಟಿದ್ದನ್ನು ಒಬ್ಬನ ಮುಂದೆ ಹೇಳಿಕೊಂಡ. ನಾಲ್ಕೂವರೆ ತಿಂಗಳು ವ್ಯಾನ್ ಮುಂದೆ ಹೋಗಿ ನಿಲ್ಲುತ್ತಿತ್ತು. ಅವತ್ತು ಅದರೊಳಗೆ ಟೆರ್ರಿಯೂ ಕೂತಿದ್ದ.

ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿತ್ತು. 143 ದಿನಗಳಲ್ಲಿ ಅವನು ಓಡಿದ್ದು 5,373 ಕಿಲೋಮೀಟರ್. ಕಾಶ್ಮೀರದಿಂದ ಕನ್ಯಾಕುಮಾರಿಗೆ ರಸ್ತೆಯಲ್ಲಿ ಆಗುವುದಕ್ಕಿಂತ ಎಷ್ಟೋ ಜಾಸ್ತಿ. ಆದರೂ ದೇಶ ದಾಟಲಿಲ್ಲ. ಪೆಸಿಫಿಕ್ ಇನ್ನೂ ಸಾವಿರಾರು ಕಿಲೋಮೀಟರ್ ದೂರ ಇತ್ತು. ಒಂದು ವಾರದಲ್ಲಿ ಕೆನಡಾದ ಟೀವಿ ಚಾನೆಲ್ ಒಂದು ನಡೆಸಿದ ನಿಧಿಸಂಗ್ರಹ ಕಾರ್ಯಕ್ರಮದಲ್ಲೇ ಒಂದು ಕೋಟಿ ಡಾಲರ್ ದಾಟಿತು. 1981ರ ಫೆಬ್ರವರಿಗೆ ಒಟ್ಟು 2.417 ಕೋಟಿ ಡಾಲರ್. ತಲೆಗೊಂದು ಡಾಲರ್ ಅನ್ನುವ ಲೆಕ್ಕ ಚುಕ್ತಾ. ಅದೇ ವರ್ಷ ಜೂನ್ 28ರಂದು ಟೆರ್ರಿ ತೀರಿಕೊಂಡ. ವಯಸ್ಸು 22. ಅವನ ಹೆಸರಿನ ಓಟಗಳಿಂದ ಕ್ಯಾನ್ಸರ್ ಸಂಶೋಧನೆಗೆ ಈವರೆಗೆ 80 ಕೋಟಿ ಡಾಲರಿಗೂ ಹೆಚ್ಚು ಹಣ ಸಂಗ್ರಹವಾಗಿದೆ.

2005ರಲ್ಲಿ ಕೆನಡಾ ಒಂದು ಡಾಲರಿನ ನಾಣ್ಯದ ಮೇಲೆ ಟೆರ್ರಿಯನ್ನು ಅಚ್ಚು ಹಾಕಿತು. ತಲೆಗೊಂದು ಡಾಲರ್ ಕೇಳಿದವನು ಕೊನೆಗೆ ಡಾಲರ್ ಮೇಲೇ ಬಂದ. ನಾಣ್ಯದಲ್ಲಿ ಅವನೊಬ್ಬನೇ ಓಡುತ್ತಿದ್ದಾನೆ. ವ್ಯಾನಿಗೆ ಜಾಗ ಇಲ್ಲ, ನಾಣ್ಯ ಚಿಕ್ಕದು ಒಪ್ಪೋಣ. ಆದರೆ ನನ್ನ ಪೋಸ್ಟಿಗೆ ಅಂಥ ಯಾವ ಜಾಗದ ತೊಂದರೆಯೂ ಇರಲಿಲ್ಲ. ಶೂಗೂ ಜಾಗ ಸಿಕ್ಕಿತ್ತು.

ಇದನ್ನು ಓದಿ ಮುಗಿಸಿದ ರಾತ್ರಿ ಎರಡು ವರ್ಷದ ಹಳೆಯ ಆ ಪೋಸ್ಟನ್ನು ಹುಡುಕಿ ತೆಗೆದು, ಎಡಿಟ್ ಒತ್ತಿ, ಎಲ್ಲರಿಗಿಂತ ಮೇಲೆ ಅವನ ಹೆಸರು ಬರೆದೆ. ಅಷ್ಟು ಹಳೆಯದನ್ನು ಇನ್ನು ಯಾರು ನೋಡ್ತಾರೆ ಅಂದುಕೊಂಡು ಮಲಗಿದೆ. ಬೆಳಿಗ್ಗೆ ನೋಡಿದರೆ ಅವನದೇ ಮೆಸೇಜು. ಬಂದಿದ್ದು ನಾಲ್ಕೂವರೆಗೆ.

"ಅವತ್ತು ನೀರು ಬಿಸಿಯಾಗಿತ್ತು ಮಗಾ, ಒಪ್ಕೋತೀನಿ."