ಟವೆಲ್ ಕೆಳಗಿನ ದರ: ದನದ ಜಾತ್ರೆಯಿಂದ ಕಾರಿನ ಶೋರೂಮಿನವರೆಗೆ

ಸಂಕ್ರಾಂತಿ ಬಂತೆಂದರೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಅದರ ದನದ ಸಂತೆ ನೆರೆಯುವುದು ನಮ್ಮ ತೊರವಿಯಲ್ಲಿ. ಅಲ್ಲಿ ಕಿಲಾರಿ ಜೋಡಿಯ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿ ಕೈಮೇಲೆ ಟವೆಲ್ ಹಾಕಿ ಬೆರಳು ಹಿಡಿಯುತ್ತಾನೆ, ಬೆರಳ ಲೆಕ್ಕದಲ್ಲೇ ವ್ಯಾಪಾರ. ಸುತ್ತ ನಿಂತವರಿಗೆ ದರ ತಿಳಿಯದು. ಆದರೆ ಕೊಳ್ಳುವವನಿಗೆ ಎಲ್ಲವೂ ಗೊತ್ತು. ಹಲ್ಲು ನೋಡಿರುತ್ತಾನೆ, ನಡೆಸಿ ನೋಡಿರುತ್ತಾನೆ, ಪಕ್ಕದ ಜೋಡಿಯ ದರವನ್ನೂ ಕೇಳಿ ಬಂದಿರುತ್ತಾನೆ.

ಇಂಥ ಜನ ಕಾರು ಕೊಳ್ಳುವಾಗ ಮಾತ್ರ ಯಾಕೆ ಸುಮ್ಮನಾಗುತ್ತಾರೆ? ಅದಕ್ಕೊಂದು ಇತಿಹಾಸವಿದೆ.

ನಮ್ಮ ಅಜ್ಜಂದಿರ ಕಾಲದಲ್ಲಿ ಕಾರೆಂದರೆ ಅಂಬಾಸಡರ್, ಇಲ್ಲವೇ ಫಿಯೆಟ್. ಎಷ್ಟು ಕಾರು ಮಾಡಬೇಕು ಎಂಬುದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿತ್ತು. 1969ರಲ್ಲಿ ಕೇಂದ್ರ ಸರ್ಕಾರ ಕಾರಿನ ದರವನ್ನೂ ತಾನೇ ಗೊತ್ತುಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಕೊಳ್ಳುವವರು ಹಣ ಕಟ್ಟಿ ವರ್ಷಗಟ್ಟಲೆ ಪಾಳಿ ಕಾಯುತ್ತಿದ್ದರು. ಬೇಗ ಬೇಕೆಂದವರು ಪಾಳಿ ಬಂದವನಿಗೆ ಮೇಲೆ ರೊಕ್ಕ ಕೊಡುತ್ತಿದ್ದರು. ಅಲ್ಲಿ ಚೌಕಾಸಿ ಎಲ್ಲಿಂದ ಬರಬೇಕು? ಕಾರು ಸಿಕ್ಕಿದ್ದೇ ಪುಣ್ಯ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಕಾರು ಹೊಸದಾಯಿತು, ಪಾಳಿ ಮಾತ್ರ ಹಾಗೇ ಉಳಿಯಿತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡವಾಯಿತು. 1998ರಲ್ಲಿ ಸ್ಯಾಂಟ್ರೋ, ಮಾಟಿಜ್, ಇಂಡಿಕಾ ಒಂದೇ ವರ್ಷ ಬಂದವು. ಮೊದಲು ಗಿರಾಕಿ ಕಾಯುತ್ತಿದ್ದ, ಈಗ ಡೀಲರ್ ಗಿರಾಕಿಗಾಗಿ ಕಾಯತೊಡಗಿದ. ಚೌಕಾಸಿ ಹುಟ್ಟಿದ್ದು ಅಲ್ಲಿಂದ. ಆದರೆ ಸಿಕ್ಕಿದ್ದೇ ಪುಣ್ಯ ಎನ್ನುವ ಅಂಜಿಕೆ ನಮ್ಮಿಂದ ಪೂರ್ತಿ ಹೋಗಿಲ್ಲ.

ನಾವು ಇದನ್ನು ಕಣ್ಣಾರೆ ಕಂಡೆವು. ಟಿಕೋಟಾ ಕಡೆಯ ನಮ್ಮ ಕಾಕಾ ಒಬ್ಬರು ಒಣದ್ರಾಕ್ಷಿ ಮಾರಿದ ರೊಕ್ಕದಲ್ಲಿ ಮೊದಲ ಕಾರು ಬುಕ್ ಮಾಡಿದರು. ಜಾತ್ರೆಯಲ್ಲಿ ಐನೂರು ರೂಪಾಯಿಗೆ ಅರ್ಧ ದಿನ ಜಗ್ಗಾಡುವ ಮನುಷ್ಯ, ಎಸಿ ಕೋಣೆಯಲ್ಲಿ ಕೊಟ್ಟ ಚಹಾ ಕುಡಿದು, ತೋರಿಸಿದಲ್ಲಿ ಸಹಿ ಹಾಕಿ ಬಂದಿದ್ದರು. "ಆನ್‌ರೋಡ್ ಇಷ್ಟ ಅಂದ್ರು, ಆತು ಅಂದೆ" ಎಂದರು. ಕೊಟೇಶನ್ ಬಿಡಿಸಿ ನೋಡಿದರೆ ಹ್ಯಾಂಡ್ಲಿಂಗ್ ಚಾರ್ಜ್ ಇತ್ತು, ಕೇಳದ ಸೀಟ್ ಕವರ್ ಇತ್ತು, ದುಬಾರಿ ವಿಮೆ ಇತ್ತು.

"ಕಾಕಾ, ಇದೂ ಟವೆಲ್ ಕೆಳಗಿನ ವ್ಯಾಪಾರನ. ಆದ್ರ ಇಲ್ಲಿ ಬೆರಳು ಎಣಿಸೋದು ಅವರಿಗಷ್ಟ ಗೊತ್ತೈತಿ" ಎಂದೆವು. ಮರುದಿನ ಜೊತೆಗೆ ಹೋಗಿ ಒಂದೊಂದೇ ಸಾಲಿಗೆ ಬೆರಳಿಟ್ಟು "ಇದು ಯಾತಕ್ರೀ?" ಎಂದು ಕೇಳಿದೆವು. ಬಿಲ್ ಇನ್ನೂ ಆಗಿರಲಿಲ್ಲ. ಹ್ಯಾಂಡ್ಲಿಂಗ್ ಹೋಯಿತು, ಸೀಟ್ ಕವರ್ ಹೋಯಿತು, ವಿಮೆಯೂ ಇಳಿಯಿತು.

ಯಾವುದು ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ ಎಂಬುದು ತಿಳಿದಿರಬೇಕು. ಜಿಎಸ್‌ಟಿ, ರಾಜ್ಯದ ಜೀವಾವಧಿ ತೆರಿಗೆ, ಆರ್‌ಟಿಒ ಶುಲ್ಕ ಇವು ಸರ್ಕಾರದ್ದು, ಡೀಲರ್ ಕೈಯಲ್ಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್, ಡೀಸೆಲ್ ಕಾರುಗಳ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ, ಅದು ಬಿಲ್ಲಿನಲ್ಲಿ ಕಾಣಬೇಕು. ರಿಯಾಯಿತಿ, ಹಳೆ ಗಾಡಿಯ ಬೆಲೆ, ಆಕ್ಸೆಸರಿ ಇವೆಲ್ಲ ಮಾತಿಗೆ ಬಗ್ಗುತ್ತವೆ. ವಿಮೆ ಬೇಕೇಬೇಕು, ಆದರೆ ಡೀಲರ್ ಹತ್ತಿರವೇ ಮಾಡಿಸಬೇಕೆಂಬ ಕಾನೂನಿಲ್ಲ. ಸಾಲದ ಬಡ್ಡಿಯನ್ನು ಮೊದಲು ನಿಮ್ಮ ಬ್ಯಾಂಕಿನಲ್ಲಿ ಕೇಳಿ.

ಬಾಗಲಕೋಟೆ, ಕಲಬುರಗಿಯ ದರವನ್ನೂ ಕೇಳಿಕೊಂಡು ಹೋಗಿ. ಸೋಲಾಪುರದಲ್ಲಿ ಕಡಿಮೆ ಅಂದರೂ, ಗಾಡಿ ಇಲ್ಲಿ ಓಡಿಸುವುದಾದರೆ ತೆರಿಗೆ ಕರ್ನಾಟಕಕ್ಕೇ ಕಟ್ಟಬೇಕು. ಎತ್ತಿನ ಹಲ್ಲು ನೋಡಿದಂತೆ ಕಾರು ತಯಾರಾದ ತಿಂಗಳು, ವರ್ಷವನ್ನೂ ನೋಡಿ. ಜನವರಿಯಲ್ಲಿ ಹೋದ ವರ್ಷದ ಗಾಡಿ ಕೊಟ್ಟರೆ ದರ ಇನ್ನಷ್ಟು ಇಳಿಯಬೇಕು.

ಈ ಸಲ ಜಾತ್ರೆಗೆ ಕಾಕಾ ತಮ್ಮ ಕಾರಿನಲ್ಲೇ ಬಂದಿದ್ದರು. ಪಕ್ಕದ ಊರಿನವರೊಬ್ಬರು "ಕಾರು ತಗೋಬೇಕ್ರಿ" ಅಂದಾಗ ಅವರು ಹೇಳಿದ್ದು ಒಂದೇ ಮಾತು: "ಮದ್ಲ ಕಾಗದ ಬಿಡಿಸಿ ಓದು. ಸಹಿ ಆಮ್ಯಾಲ."