ಕನ್ನಡ ಅಧ್ಯಯನ ಪದವಿಗಳಲ್ಲಿ ಕಲಿಕೆಯ ಮೌಲ್ಯಮಾಪನ

ಕನ್ನಡ ನಾಡಿನ ಭಾಷೆ, ಸಾಹಿತ್ಯ, ಶಾಸನ, ಜಾನಪದ ಮತ್ತು ಸಂಸ್ಕೃತಿಯನ್ನು ಒಟ್ಟಿಗೆ ನೋಡುವ ವಿಶ್ವವಿದ್ಯಾಲಯ ಶಿಸ್ತಿಗೆ ಕನ್ನಡ ಅಧ್ಯಯನ ಎಂದು ಹೆಸರು. ಒಂದು ಪ್ರದೇಶವನ್ನು ಅಲ್ಲಿನ ನುಡಿಯ ಮೂಲಕವೇ ಸಮಗ್ರವಾಗಿ ಅರಿಯಲು ಹೊರಡುವ ಪ್ರದೇಶ ಅಧ್ಯಯನಗಳ ಸಾಲಿಗೆ ಇದು ಸೇರುತ್ತದೆ. ಈ ಪದವಿ ಪಡೆದವರಿಗೆ ಏನು ಗೊತ್ತಿರಬೇಕು, ಏನು ಮಾಡಲು ಬರಬೇಕು, ಬಂದಿದೆಯೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ಬೇರೆ ಬೇರೆ ಕಾಲ ಬೇರೆ ಬೇರೆ ಉತ್ತರ ಕೊಟ್ಟಿದೆ.

ಪರೀಕ್ಷೆಯೇ ಮೊದಲು

ನಮ್ಮಲ್ಲಿ ಪರೀಕ್ಷೆ ಬಂದದ್ದು ಪಾಠಕ್ಕಿಂತ ಮೊದಲು. 1857ರಲ್ಲಿ ಹುಟ್ಟಿದ ಮದ್ರಾಸ್ ಮತ್ತು ಬೊಂಬಾಯಿ ವಿಶ್ವವಿದ್ಯಾಲಯಗಳು ಲಂಡನ್ನಿನ ಮಾದರಿಯಲ್ಲಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳಾಗಿದ್ದವು. ಪಾಠ ಹೇಳುವುದು ಅಧೀನ ಕಾಲೇಜುಗಳ ಕೆಲಸ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರು ಮದ್ರಾಸಿಗೂ ಧಾರವಾಡದ ಕಡೆಯ ವಿದ್ಯಾರ್ಥಿಗಳು ಬೊಂಬಾಯಿಗೂ ಉತ್ತರ ಬರೆಯುತ್ತಿದ್ದರು. ಪಾಠ ಹೇಳಿದ ಮೇಷ್ಟ್ರು ಒಂದೂರಿನಲ್ಲಿ, ಅಂಕ ಹಾಕುವವರು ಇನ್ನೊಂದೂರಿನಲ್ಲಿ. ಈ ದೂರ ನಂತರದ ನೂರು ವರ್ಷಗಳ ಅಭ್ಯಾಸವನ್ನು ರೂಪಿಸಿತು.

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. ಮಹಾರಾಜ ಕಾಲೇಜಿನಲ್ಲಿ 1927ರಲ್ಲಿ ಕನ್ನಡ ಎಂ.ಎ. ತರಗತಿ ತೆರೆದಾಗ ಟಿ.ಎಸ್. ವೆಂಕಣ್ಣಯ್ಯನವರಂಥ ಗುರುಗಳು ಅಲ್ಲಿದ್ದರು. ಕುವೆಂಪು, ಡಿ.ಎಲ್. ನರಸಿಂಹಾಚಾರ್ ಮೊದಲ ವರ್ಷಗಳ ವಿದ್ಯಾರ್ಥಿಗಳು. ಗುರುಶಿಷ್ಯರು ದಿನವೂ ಎದುರುಬದುರು ಕೂರುವಷ್ಟು ಸಣ್ಣ ತರಗತಿಯಲ್ಲಿ ಯಾರಿಗೆ ಎಷ್ಟು ಬರುತ್ತದೆ ಎಂಬುದು ಉತ್ತರಪತ್ರಿಕೆ ಬಿಡಿಸುವ ಮೊದಲೇ ಗೊತ್ತಿರುತ್ತಿತ್ತು.

ಪ್ರಶ್ನೆಪತ್ರಿಕೆಯ ಭಾಷೆ

ಮುಂದೆ ತರಗತಿಗಳು ಹಿಗ್ಗಿದಂತೆ ಪ್ರಶ್ನೆಗಳು ಅಚ್ಚಿಗೆ ಬಿದ್ದವು. ‘ಸಂದರ್ಭ ಸಹಿತ ವಿವರಿಸಿರಿ’, ‘ಟಿಪ್ಪಣಿ ಬರೆಯಿರಿ’, ‘ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿ ಛಂದಸ್ಸನ್ನು ಹೆಸರಿಸಿ’: ಕನ್ನಡ ಓದಿದ ಯಾರಿಗೂ ಈ ಮಾತುಗಳು ಬಾಯಿಪಾಠ. ಇವುಗಳಲ್ಲಿ ಮೂರನೆಯದು ನಿಜವಾದ ಕೌಶಲವನ್ನು ಅಳೆಯುತ್ತದೆ. ಹಿಂದೆ ನೋಡಿರದ ಪದ್ಯ ಕೊಟ್ಟರೂ ಲಘು ಗುರು ಗುರುತಿಸಬಲ್ಲವನಿಗೆ ಮಾತ್ರ ಅಂಕ ಸಿಗುತ್ತದೆ. ಮೊದಲೆರಡು ಹಾಗಲ್ಲ. ಪಠ್ಯ ನಿಗದಿಯಾಗಿರುವುದರಿಂದ ಯಾವ ಸಾಲು ಬರಬಹುದೆಂದು ಗೈಡುಗಳು ಊಹಿಸಿದವು. ಮೂಲ ಕೃತಿ ತೆರೆಯದೆಯೂ ಪ್ರಥಮ ದರ್ಜೆ ಪಡೆಯುವುದು ಸಾಧ್ಯವಾಯಿತು. ಈ ಶಿಸ್ತಿಗೆ ಆದ ದೊಡ್ಡ ನಷ್ಟ ಇದು.

ದೋಷ ದೇಶಕ್ಕೆಲ್ಲ ಸಾಮಾನ್ಯವಾಗಿತ್ತು. 1948–49ರ ರಾಧಾಕೃಷ್ಣನ್ ಆಯೋಗ ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆ ಸೂಚಿಸುವುದಾದರೆ ಅದು ಪರೀಕ್ಷೆಯದಾಗಬೇಕು ಎಂದಿತು. ಕಲಿಕೆಯ ಗುರಿಗಳನ್ನು ನೆನಪಿನಿಂದ ಮೌಲ್ಯ ನಿರ್ಣಯದವರೆಗೆ ಮೆಟ್ಟಿಲುಮೆಟ್ಟಿಲಾಗಿ ವಿಂಗಡಿಸಿದ್ದ ಅಮೆರಿಕದ ಬೆಂಜಮಿನ್ ಬ್ಲೂಮ್ 1950ರ ದಶಕದ ಕೊನೆಯಲ್ಲಿ ಭಾರತಕ್ಕೆ ಬಂದು ಪರೀಕ್ಷಾ ಸುಧಾರಣೆಯ ಕಾರ್ಯಾಗಾರಗಳಲ್ಲಿ ಪಾಲ್ಗೊಂಡರು. ಕನ್ನಡ ವಿಭಾಗಗಳಿಗೆ ಅವರ ವಿಂಗಡಣೆ ತಲುಪಿದ್ದು ಬಹಳ ತಡವಾಗಿ, ಅದೂ ಬಿ.ಎಡ್. ತರಗತಿಗಳ ಬಾಗಿಲಿನಿಂದ.

ಅಧ್ಯಯನ ಕೇಂದ್ರಗಳ ಕಾಲ

1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು. 1966ರಲ್ಲಿ ಮೈಸೂರಿನಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಸ್ಥಾಪನೆಯಾಗಿ ದೇ. ಜವರೇಗೌಡರ ನೇತೃತ್ವದಲ್ಲಿ ಬೆಳೆಯಿತು. 1964ರಲ್ಲಿ ಆರಂಭವಾದ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಜಿ.ಎಸ್. ಶಿವರುದ್ರಪ್ಪನವರು ಕನ್ನಡ ಅಧ್ಯಯನ ಕೇಂದ್ರವನ್ನು ಕಟ್ಟಿದರು. ‘ವಿಭಾಗ’ ಹೋಗಿ ‘ಕೇಂದ್ರ’, ‘ಸಂಸ್ಥೆ’ ಬಂದದ್ದು ಬರಿಯ ಹೆಸರಿನ ಬದಲಾವಣೆಯಲ್ಲ. ಸಾಹಿತ್ಯದ ಜೊತೆಗೆ ಜಾನಪದ, ಭಾಷಾವಿಜ್ಞಾನ, ಹಸ್ತಪ್ರತಿ, ಶಾಸನ, ಭಾಷಾಂತರ ಒಂದೇ ಮನೆಗೆ ಸೇರಿದವು.

ಹೀಗೆ ಸೇರಿದ್ದರಿಂದ ಹಳೆಯ ಪರೀಕ್ಷೆಯ ಇತಿಮಿತಿ ಎದ್ದು ಕಂಡಿತು. ಓಲೆಗರಿಯ ಅಕ್ಷರ ಬಿಡಿಸುವುದನ್ನಾಗಲಿ ಹಾಡುವ ಅಜ್ಜಿಯ ಮುಂದೆ ತಾಳ್ಮೆಯಿಂದ ಕೂತು ಪಾಠಾಂತರ ದಾಖಲಿಸುವುದನ್ನಾಗಲಿ ಮೂರು ಗಂಟೆಯ ಲಿಖಿತ ಪರೀಕ್ಷೆ ಅಳೆಯಲಾರದು. ಕ್ಷೇತ್ರಕಾರ್ಯದ ವರದಿ, ಕಿರುಪ್ರಬಂಧ, ಮೌಖಿಕ ಪರೀಕ್ಷೆಗಳು ಈ ಅಗತ್ಯದಿಂದ ಜಾಗ ಪಡೆದವು. ಸಂಶೋಧನೆಯನ್ನೇ ಮುಖ್ಯವಾಗಿಸಿಕೊಂಡು 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅವುಗಳ ತೂಕ ಇನ್ನೂ ಹೆಚ್ಚಿತು. ಸ್ನಾತಕೋತ್ತರ ಉತ್ತರಪತ್ರಿಕೆಗಳನ್ನು ಇಬ್ಬರು ಪ್ರತ್ಯೇಕವಾಗಿ ನೋಡುವ, ಅಂತರ ಹೆಚ್ಚಾದರೆ ಮೂರನೆಯವರಿಗೆ ಕಳಿಸುವ ಪದ್ಧತಿ ಅಂಕಗಳ ನ್ಯಾಯವನ್ನು ಕಾಪಾಡಿತು. ಆದರೆ ಪ್ರಶ್ನೆಯೇ ಸರಿಯಾಗಿದೆಯೇ ಎಂದು ನೋಡುವುದು ಆ ಪದ್ಧತಿಯ ಕೆಲಸವಲ್ಲ.

ಫಲಿತದ ಪಟ್ಟಿಗಳು

ನ್ಯಾಕ್ ಎಂದು ಹೆಸರಾದ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು 1994ರಲ್ಲಿ ಸ್ಥಾಪನೆಯಾಯಿತು. 2017ರ ಪರಿಷ್ಕೃತ ಚೌಕಟ್ಟಿನಲ್ಲಿ ಅದು ಪ್ರತಿ ಪದವಿಯ, ಪ್ರತಿ ಪತ್ರಿಕೆಯ ಕಲಿಕಾ ಫಲಿತಗಳನ್ನು ಪ್ರಕಟಿಸಿ, ಸಾಧನೆಯನ್ನು ಅಳೆದು ತೋರಿಸಬೇಕೆಂದು ಕೇಳಿತು. 2021–22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ತರಗತಿಗಳಿಗೆ ತಂದಾಗ ನೂರು ಅಂಕಗಳಲ್ಲಿ 40 ನಿರಂತರ ಮೌಲ್ಯಮಾಪನಕ್ಕೆ, 60 ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಎಂಬ ಹಂಚಿಕೆ ಬಂತು. 2024ರಲ್ಲಿ ರಾಜ್ಯ ಸರ್ಕಾರ ಮೂರು ವರ್ಷದ ಪದವಿಗೆ ಮರಳಿ ಪಠ್ಯಕ್ರಮವನ್ನು ಮತ್ತೆ ಬದಲಿಸಿತು. ಒಂದು ವ್ಯವಸ್ಥೆ ಕೆಲಸ ಮಾಡಿತೇ ಎಂದು ತಿಳಿಯಲು ಕೆಲವು ತಂಡಗಳಾದರೂ ಅದರಲ್ಲಿ ಓದಿ ಹೊರಬರಬೇಕು. ಅಷ್ಟು ಸಮಯ ಸಿಗಲಿಲ್ಲ.

ಫಲಿತಗಳನ್ನು ಬರೆದಿಡುವ ಕ್ರಮ ಒಳ್ಳೆಯದೇ. ‘ವಿದ್ಯಾರ್ಥಿಯು ಶಾಸನದ ಪಡಿಯಚ್ಚನ್ನು ಓದಬಲ್ಲನು’ ಎಂದು ಬರೆದ ಮೇಲೆ, ಪಡಿಯಚ್ಚನ್ನೇ ಕೈಗೆ ಕೊಟ್ಟು ಓದಿಸದೆ ಬೇರೆ ದಾರಿಯಿಲ್ಲ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪತ್ತೆಯಾದ, ಕ್ರಿ.ಶ. 750ರ ಆಸುಪಾಸಿನ ಕಿತ್ತಯ್ಯನ ವೀರಗಲ್ಲಿಗಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಬೇಕೆ? ಬಹಳ ಕಡೆ ಆದದ್ದು ಬೇರೆ: ಫಲಿತದ ಪಟ್ಟಿ ಹೊಸದು, ಕೆಳಗಿನ ಪ್ರಶ್ನೆಗಳು ಹಳೆಯವು.

ರಾಜಗೋಪಾಲನಗರದ ಕಡೆಯಿಂದ

ಕ್ಷೇತ್ರಕಾರ್ಯವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತಕ್ಕೆ ಅಂಟಿಕೊಂಡಿರುವ ರಾಜಗೋಪಾಲನಗರದಲ್ಲಿ ಸಣ್ಣ ಕಾರ್ಖಾನೆ, ಗಾರ್ಮೆಂಟ್ಸ್ ಮತ್ತು ಬಾಡಿಗೆ ಮನೆಗಳು ಒತ್ತೊತ್ತಾಗಿವೆ. ತುಮಕೂರು, ಮಂಡ್ಯ, ಕಲಬುರಗಿ, ರಾಯಚೂರು ಕಡೆಯ ಕನ್ನಡಗಳು ಇಲ್ಲಿ ಒಂದೇ ನಲ್ಲಿಯ ಮುಂದೆ ಸೇರುತ್ತವೆ. ಬಿಹಾರ, ಒಡಿಶಾಗಳಿಂದ ಬಂದವರು ಕೆಲಸದ ನಡುವೆ ಕನ್ನಡ ಕಲಿಯುತ್ತಾರೆ. ಲೇತ್ ಮುಂದೆ ನಿಂತವರ ಬಾಯಲ್ಲಿ ‘ಜಾಬ್’, ‘ಸೆಟ್ಟಿಂಗ್’, ‘ಓಟಿ’ ಕನ್ನಡದ ವಿಭಕ್ತಿ ಹಚ್ಚಿಕೊಂಡು ಓಡಾಡುತ್ತವೆ. ಕ್ಷೇತ್ರಕಾರ್ಯವೆಂದರೆ ಹಳ್ಳಿಗೇ ಹೋಗಬೇಕೆಂಬ ರೂಢಿಯಿಂದ ಇಂಥ ಬೀದಿಗಳು ಕಿರುಪ್ರಬಂಧಗಳಲ್ಲಿ ಕಾಣುವುದು ಕಡಿಮೆ. ಹಗಲು ಶಿಫ್ಟ್ ಮುಗಿಸಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುವ ಕಾರ್ಮಿಕನಿಗೆ ತನ್ನ ಕಾರ್ಖಾನೆಯೇ ಕ್ಷೇತ್ರ. ಅವನು ಅಲ್ಲಿನ ಮಾತನ್ನು ದಾಖಲಿಸಿ ವಿಶ್ಲೇಷಿಸಿದರೆ ಅದಕ್ಕೆ ಅಂಕ ಸಿಗುವಂತಿರಬೇಕು.

ನಿಜವಾದ ಕೌಶಲವನ್ನು ಪರೀಕ್ಷೆ ಮುಟ್ಟದ ತೊಡಕು ಕನ್ನಡ ಬಾರದವರ ಕಲಿಕೆಯನ್ನು ಅಳೆಯುವುದರಲ್ಲೂ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಹೊರನಾಡಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ‘ಬಳಕೆ ಕನ್ನಡ’ ಪತ್ರಿಕೆಯನ್ನು ಇಟ್ಟಿದೆ. ಅದರ ಪರೀಕ್ಷೆ ಬಹು ಆಯ್ಕೆಯ ಪ್ರಶ್ನೆಗಳದ್ದು. ಸಾವಿರಾರು ಮಂದಿಯನ್ನು ಒಂದೇ ದಿನ ಪರೀಕ್ಷಿಸಲು ಅನುಕೂಲ ನಿಜ. ಆದರೆ ವಿದ್ಯಾರ್ಥಿ ಬಸ್ಸಿನಲ್ಲಿ ಟಿಕೆಟ್ ಕೇಳಬಲ್ಲನೇ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಮೈಸೂರಿನಲ್ಲಿ ಅಮೆರಿಕನ್ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುವ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ತರಗತಿಗಳಲ್ಲಿ ಮಾತಿಗೇ ಮೊದಲ ಸ್ಥಾನ. ಭಾಷೆ ಬಂದಿದೆಯೇ ಎಂದು ತಿಳಿಯಲು ಎದುರು ಕೂತು ಮಾತಾಡಿಸುವ ಕ್ರಮ ಪ್ರದೇಶ ಅಧ್ಯಯನ ವಿಭಾಗಗಳಲ್ಲಿ ಜಗತ್ತಿನಾದ್ಯಂತ ರೂಢಿಯಲ್ಲಿದೆ. ಬಳಕೆ ಕನ್ನಡಕ್ಕೂ ಹತ್ತು ನಿಮಿಷದ ಒಂದು ಮೌಖಿಕ ಪರೀಕ್ಷೆ ಬೇಕು. ಅದನ್ನು ನಡೆಸಬಲ್ಲ ಅಧ್ಯಾಪಕರು ಕಾಲೇಜುಗಳಲ್ಲಿ ಈಗಾಗಲೇ ಇದ್ದಾರೆ.